ಚಿಂಚೋಳಿಯ ಹೊಲದಲ್ಲಿ ಎರಡು ರಾತ್ರಿ: ಲೆಸ್ಬಿಯನ್ ಮಹಿಳೆಯರ ಶಿಬಿರವೊಂದರ ವಿಮರ್ಶೆ

ಎಳ್ಳ ಅಮಾವಾಸ್ಯೆ ಕಳೆದ ನಂತರದ ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ ಚಿಂಚೋಳಿ ತಾಲ್ಲೂಕಿನ ಹೊಲವೊಂದರಲ್ಲಿ ನಡೆದ ಲೆಸ್ಬಿಯನ್ ಮಹಿಳೆಯರ ಶಿಬಿರಕ್ಕೆ ನಾನು ಮತ್ತು ನನ್ನ ಸಂಗಾತಿ ಕಲಬುರಗಿಯಿಂದ ಹೋಗಿ ಬಂದೆವು. ಶುಲ್ಕ ತಲಾ 2,200 ರೂಪಾಯಿ, ವಿದ್ಯಾರ್ಥಿನಿಯರಿಗೆ 1,200. ಕ್ರೂಸರ್ ಗಾಡಿಯ ಪ್ರಯಾಣ, ಟೆಂಟು, ಊಟ, ನಾಷ್ಟಾ ಎಲ್ಲವೂ ಇದರಲ್ಲೇ ಸೇರಿದ್ದವು. ಕಲಬುರಗಿ, ಬೀದರ್, ಹೈದರಾಬಾದ್‌ಗಳಿಂದ ಹತ್ತೊಂಬತ್ತು ಮಂದಿ ಬಂದಿದ್ದರು. ಸಂಘಟಕರ ಹೆಸರನ್ನಾಗಲಿ ಹೊಲದ ಗುರುತನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಮೆಚ್ಚಬೇಕಾದದ್ದು ದಿನದ ಆಯ್ಕೆಯನ್ನು. ಎಳ್ಳ ಅಮಾವಾಸ್ಯೆಯಂದು ನಮ್ಮ ಭಾಗದ ಮನೆಮಂದಿಯೆಲ್ಲ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವುದು ವಾಡಿಕೆ. ಅದರ ಹಿಂದೆಮುಂದೆ ‘ಗೆಳತಿಯ ಹೊಲಕ್ಕೆ ಊಟಕ್ಕೆ ಕರೆದಿದ್ದಾರೆ’ ಎಂದರೆ ಯಾವ ಮನೆಯಲ್ಲೂ ಎರಡನೆಯ ಪ್ರಶ್ನೆ ಏಳುವುದಿಲ್ಲ. ಮದುವೆಯಾಗದ ಹೆಣ್ಣುಮಗಳು ಎರಡು ರಾತ್ರಿ ಹೊರಗಿರಲು ಇಂಥದ್ದೊಂದು ನೆಪ ಬೇಕಾಗುತ್ತದೆ ಎಂಬುದನ್ನು ಇಲ್ಲಿಯವರಲ್ಲದೆ ಬೇರೆ ಯಾರೂ ಇಷ್ಟು ಚೆನ್ನಾಗಿ ಅರಿತಿರಲಾರರು.

ಹೆಸರು ನೋಂದಾಯಿಸಿದ ಮೇಲೆ ಒಬ್ಬರು ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿಸಿ, ನಂಬಿಕೆ ಬಂದ ಮೇಲಷ್ಟೇ ಅರ್ಜಿ ಕಳುಹಿಸಿದರು. ಶಿಬಿರದಲ್ಲಿ ಯಾವ ಹೆಸರಿನಿಂದ ಕರೆಯಬೇಕು, ಗಾಡಿಯ ಡ್ರೈವರ್ ಮುಂದೆ ಯಾವ ಹೆಸರು, ಮನೆಯಿಂದ ಫೋನ್ ಬಂದರೆ ಯಾರು ಮಾತನಾಡಬೇಕು ಎಂದೆಲ್ಲ ಅದರಲ್ಲಿ ಕೇಳಿದ್ದರು. ‘ಜೊತೆಗೆ ಬರುವವರು ನಿಮಗೆ ಏನಾಗಬೇಕು’ ಎಂಬ ಕಾಲಮ್ಮಿಗೆ ಬಂದಾಗ ನಾನು ತುಸು ಹೊತ್ತು ಸುಮ್ಮನೆ ಕುಳಿತೆ. ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಬರೆಸುವ ಬಾಡಿಗೆ ಕರಾರಿನಲ್ಲಿ ಪ್ರತಿ ಸಲವೂ ನನ್ನ ಚಿಕ್ಕಮ್ಮನ ಮಗಳಾಗುವವಳನ್ನು ಅಲ್ಲಿ ‘ಸಂಗಾತಿ’ ಎಂದು ಬರೆದೆ. ಕಾಗದದ ಮೇಲೆ ಆ ಪದ ಬರೆದದ್ದು ಅದೇ ಮೊದಲು.

ಜಾಗದ ಬಗ್ಗೆ ತಕರಾರಿಲ್ಲ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದೊಳಗೆ ಬೆಂಕಿ ಹಾಕುವಂತಿಲ್ಲವಾದ್ದರಿಂದ ಅದರ ಗಡಿಯಿಂದ ಸಾಕಷ್ಟು ದೂರದ, ರಾಶಿ ಮುಗಿದ ತೊಗರಿ ಹೊಲವನ್ನು ಹಿಡಿದಿದ್ದರು. ಒಣಗಿದ ತೊಗರಿ ಕಟ್ಟಿಗೆ ಚಟಚಟನೆ ಉರಿದು ಬೇಗ ಬೂದಿಯಾಗುತ್ತಿದ್ದುದರಿಂದ ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದು ಕಟ್ಟಿಗೆ ಒಟ್ಟುತ್ತಲೇ ಇರಬೇಕಾಯಿತು. ಶನಿವಾರ ಬೆಳಿಗ್ಗೆ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗಿ ಬಂದೆವು. ಇಷ್ಟು ಹತ್ತಿರದಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ.

ಮಲಗುವ ವ್ಯವಸ್ಥೆಯನ್ನು ಮಾತ್ರ ಕಳಪೆ ಎನ್ನದೆ ಗತಿಯಿಲ್ಲ. ಇಬ್ಬರ ಟೆಂಟಿನಲ್ಲಿ ಮೂವರನ್ನು ತುರುಕಿದ್ದರು. ಕೊಟ್ಟ ಸ್ಲೀಪಿಂಗ್ ಬ್ಯಾಗುಗಳು ಈ ಕಡೆಯ ಪುಷ್ಯ ಮಾಸದ ಚಳಿಗೆ ಯಾವ ಲೆಕ್ಕಕ್ಕೂ ಇರಲಿಲ್ಲ. ಚಳಿಗೆ ಹೆದರಿ ಎಲ್ಲರೂ ಬಾಗಿಲ ಜಿಪ್ಪನ್ನು ಪೂರ್ತಿ ಎಳೆದುಕೊಂಡದ್ದರಿಂದ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗುಲಿ ಹನಿಗಟ್ಟಿ, ನಸುಕಿನಲ್ಲಿ ಮುಖದ ಮೇಲೆ ತೊಟ್ಟಿಕ್ಕತೊಡಗಿತು. ಮೇಲಿನ ಕಿಂಡಿಯನ್ನು ಒಂದು ಗೇಣು ತೆರೆದಿಡಿ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ಹತ್ತೊಂಬತ್ತು ಮಂದಿಗೆ ಒಂದೇ ಶೌಚಾಲಯವಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅಡುಗೆಗೆ ಹತ್ತಿರದ ತಾಂಡಾದ ಹೆಣ್ಣುಮಗಳೊಬ್ಬರು ಬಂದಿದ್ದರು. ಅವರ ಪುಂಡಿ ಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿಗೆ ಹೆಸರಿಡುವಂತಿಲ್ಲ. ಮೊದಲ ರಾತ್ರಿ ರೊಟ್ಟಿ ಬಡಿಯುತ್ತಲೇ ಅವರು, ‘ಬರೇ ಹೆಣ್ಮಕ್ಕಳೇ ಬಂದೀರಲ್ಲವ್ವ, ಗಂಡಸ್ರು ಒಬ್ಬರೂ ಇಲ್ಲೇನು?’ ಎಂದು ಕೇಳಿದರು. ಸಂಘಟಕರಲ್ಲೊಬ್ಬರು, ‘ಇಲ್ಲ ಬಿಡ್ರಿ ಅಕ್ಕಾ’ ಎಂದರು. ‘ಚಲೋ ಆಯ್ತು, ರೊಟ್ಟಿ ಕಮ್ಮಿ ಹತ್ತತಾವ’ ಎಂದು ಅವರು ಮತ್ತೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು. ಆ ಲೆಕ್ಕಾಚಾರ ತಪ್ಪೆಂದು ಮರುದಿನದ ಹೊತ್ತಿಗೆ ಅವರಿಗೂ ಗೊತ್ತಾಗಿತ್ತು.

ಶನಿವಾರ ರಾತ್ರಿಯ ಮಾತುಕತೆಯನ್ನು ಇಂಗ್ಲಿಷಿನಲ್ಲಿ ಆರಂಭಿಸಿದ್ದು ನನ್ನ ದೃಷ್ಟಿಯಲ್ಲಿ ಶಿಬಿರದ ಅತಿ ದೊಡ್ಡ ಲೋಪ. ಔರಾದ್ ಕಡೆಯಿಂದ ಬಂದಿದ್ದ ಇಬ್ಬರು ಒಂದು ತಾಸು ಬಾಯಿ ಬಿಡಲಿಲ್ಲ. ಬೀದರಿನ ಹಿರಿಯರೊಬ್ಬರು ಮಾತನ್ನು ಕನ್ನಡಕ್ಕೂ ದಖನಿಗೂ ತಿರುಗಿಸಿದ ಮೇಲೆ ಆ ಇಬ್ಬರಲ್ಲಿ ಕಿರಿಯಳು, ತನ್ನ ಗೆಳತಿಯನ್ನು ಮೊದಲು ಕಂಡ ದಿನವೇ ‘ಅಕಿ ನಮ್ಮಂಥಾಕಿ’ ಎಂದು ಮನಸ್ಸಿಗೆ ಬಂತೆಂದಳು. ಲೆಸ್ಬಿಯನ್ ಎಂಬ ಪದ ಆಕೆಗೆ ಎರಡು ವರ್ಷಗಳ ಹಿಂದೆ ಸಿಕ್ಕಿದ್ದಂತೆ. ನಮ್ಮಂಥಾಕಿ ಎಂಬುದು ಮೊದಲಿನಿಂದಲೂ ಇತ್ತಂತೆ.

ಭಾನುವಾರ ವಕೀಲೆಯೊಬ್ಬರು ಕಾನೂನು ವಿವರಿಸಿದ ಮುಕ್ಕಾಲು ಗಂಟೆಗೇ ಕೊಟ್ಟ ಹಣ ಸಂದಾಯವಾಯಿತು ಎನ್ನಬಹುದು. ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಹೇಳಿರುವುದು, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗದೆ ಹೋದದ್ದು ಬಹುತೇಕರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮುಂದಿನ ಸಂಗತಿಗಳು. ಮನೆಯವರು ಕೋರ್ಟಿಗೆ ಎಳೆದಾಗ ನ್ಯಾಯಾಧೀಶರು ಹೆಣ್ಣುಮಗಳ ಇಚ್ಛೆಯನ್ನೇ ಕೇಳಬೇಕು, ಕೌನ್ಸೆಲಿಂಗ್ ಹೆಸರಿನಲ್ಲಿ ಮನಸ್ಸು ತಿರುಗಿಸಲು ಕಳುಹಿಸಬಾರದು ಎಂದು 2024ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಮಾರ್ಗಸೂಚಿ ನೀಡಿದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಸ್ಪಷ್ಟಪಡಿಸಿದೆ. ಮರುವಾರವೇ ನಾವು ಬ್ಯಾಂಕಿಗೆ ಹೋದೆವು. ಗುಮಾಸ್ತರು ‘ಸಂಬಂಧ’ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಈ ಸಲ ನಾನು ತಡಮಾಡಲಿಲ್ಲ.

ಹಾಸಿಗೆ ಮತ್ತು ಭಾಷೆಯ ಬಗೆಗಿನ ದೂರನ್ನು ಸಂಘಟಕರಿಗೆ ಬರೆದು ತಿಳಿಸಿದ್ದೇನೆ. ಮುಂದಿನ ಶಿಬಿರಕ್ಕೆ ಮುಂಗಡ ಕೊಟ್ಟಾಗಿದೆ. ಅವರ ಸ್ಲೀಪಿಂಗ್ ಬ್ಯಾಗನ್ನು ನೆಚ್ಚಿಕೊಳ್ಳದೆ ಅವ್ವ ಹೊಲಿದ ಜೋಡಿ ಕೌದಿಯನ್ನು ಒಯ್ಯುವವರಿದ್ದೇವೆ.