ಪುಟ್ಟ ಕಾರುಗಳ ಕೆಲಸಕ್ಕೆ ಡ್ರೆಮೆಲ್ 3000

ಕಾರು ಮಾದರಿಗಳನ್ನು ಜೋಡಿಸುವವರು ಚಾಕು, ಅರ, ಎಮರಿ ಕಾಗದಗಳ ನಂತರ ಕೊಳ್ಳಲು ಬಯಸುವ ಮೊದಲ ವಿದ್ಯುತ್ ಉಪಕರಣ ಸಾಮಾನ್ಯವಾಗಿ ರೋಟರಿ ಟೂಲ್, ಅಂದರೆ ಉಜ್ಜುವ, ಕೊರೆಯುವ, ಕತ್ತರಿಸುವ ಸಣ್ಣ ತುದಿಗಳನ್ನು ಸಿಕ್ಕಿಸಿ ವೇಗವಾಗಿ ತಿರುಗಿಸುವ ಕೈಯಂತ್ರ ಆಗಿರುತ್ತದೆ. ಅವುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಡ್ರೆಮೆಲ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1932ರಲ್ಲಿ ಶುರುವಾದ ಈ ಕಂಪನಿ 1993ರಿಂದ ಬಾಷ್ ಸಮೂಹದಲ್ಲಿದೆ. ಇದರ 3000 ಮಾದರಿಯನ್ನು ಮೈಸೂರಿನ ನನ್ನ ಮನೆಯ ಮೇಜಿನ ಮೇಲೆ ಕಾರುಗಳಿಗೆಂದೇ ಇಟ್ಟುಕೊಂಡಿದ್ದೇನೆ. 130 ವ್ಯಾಟ್ ಶಕ್ತಿಯ ಈ ಯಂತ್ರದ ವೇಗವನ್ನು ನಿಮಿಷಕ್ಕೆ 10,000 ಸುತ್ತಿನಿಂದ 33,000 ಸುತ್ತಿನವರೆಗೆ ಹೊಂದಿಸಬಹುದು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು.

ಕೊಳ್ಳುವವರು 33,000 ಎಂಬ ಅಂಕಿಯನ್ನೇ ನೋಡುತ್ತಾರೆ. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಅತಿ ಕಡಿಮೆ ವೇಗದ ಅಂಕಿ, ಅಂದರೆ 10,000. ಕಾರಿನ ಕಿಟ್‌ಗಳು ಬಹುಪಾಲು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು, ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. 10 ಮಿಲಿಮೀಟರ್ ವ್ಯಾಸದ ಉಜ್ಜುವ ಡ್ರಮ್ (ಎಮರಿ ಸುತ್ತಿದ ಸಣ್ಣ ಉರುಳೆ) ಹಾಕಿ ಯಂತ್ರವನ್ನು ಅತಿ ಕಡಿಮೆ ವೇಗದಲ್ಲಿ ಓಡಿಸಿದರೂ ಡ್ರಮ್ಮಿನ ಅಂಚು ಸೆಕೆಂಡಿಗೆ ಐದು ಮೀಟರಿಗೂ ಮಿಗಿಲಾದ ವೇಗದಲ್ಲಿ ಚಲಿಸುತ್ತಿರುತ್ತದೆ. ಆ ವೇಗದ ಉಜ್ಜಾಟದಿಂದ ಹುಟ್ಟುವ ಶಾಖಕ್ಕೆ ಪ್ಲಾಸ್ಟಿಕ್ ಪುಡಿಯಾಗಿ ಉದುರುವ ಬದಲು ಕರಗಿ ಡ್ರಮ್ಮಿಗೇ ಮೆತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದ್ದರಿಂದ ಒಂದೇ ಕಡೆ ಒತ್ತಿ ಹಿಡಿಯದೆ, ತಾಗಿಸಿ ತೆಗೆದು, ತಣ್ಣಗಾಗಲು ಬಿಟ್ಟು ಮತ್ತೆ ತಾಗಿಸಬೇಕು.

ಹೀಗೆ ತಾಳ್ಮೆಯಿಂದ ಹಿಡಿದರೆ ಈ ಯಂತ್ರ ಮಾಡಿಕೊಡುವ ಒಂದು ಕೆಲಸಕ್ಕೆ ನಾನು ಮನಸೋತಿದ್ದೇನೆ, ಅದು ಚಕ್ರದ ಮೇಲಿನ ಕಮಾನಿನ ಅಂಚನ್ನು ತೆಳುಗೊಳಿಸುವುದು. 1:24 ಅಳತೆಯ ಕಾರಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಂದರೆ ನಿಜವಾದ ಕಾರಿನಲ್ಲಿ 24 ಮಿಲಿಮೀಟರ್ ದಪ್ಪದ ತಗಡು ಎಂದಾಯಿತು. ನಾಗನಹಳ್ಳಿ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಮಡ್‌ಗಾರ್ಡನ್ನು ಹತ್ತಿರದಿಂದ ನೋಡಿದವರಿಗೆ ಕಿಟ್ಟಿನ ದಪ್ಪ ಅಂಚು ಕಣ್ಣಿಗೆ ಚುಚ್ಚದೆ ಇರದು. ಬಾಡಿಯನ್ನು ಮಗುಚಿ ಹಿಡಿದು, ಹೊರಗಿನ ಗೆರೆಯನ್ನು ಮುಟ್ಟದೆ ಒಳಬದಿಯಿಂದ ಮಾತ್ರ ಇಳಿಜಾರಾಗಿ ಉಜ್ಜುತ್ತ ಹೋಗಿ, ಆಗಾಗ ದೀಪಕ್ಕೆ ಒಡ್ಡಿ ನೋಡಬೇಕು. ಬಿಳಿ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಹಾಯತೊಡಗಿದ ಕೂಡಲೇ ಯಂತ್ರವನ್ನು ನಿಲ್ಲಿಸಿ, ಉಳಿದದ್ದನ್ನು ಎಮರಿ ಕಾಗದದಲ್ಲಿ ಮುಗಿಸಬೇಕು. ಬಣ್ಣ ಬಿದ್ದ ಮೇಲೆ ಆ ಅಂಚು ತಗಡಿನಂತೆಯೇ ಕಾಣುತ್ತದೆ.

ಹಿತ್ತಾಳೆ ಕಡ್ಡಿ, ಚಕ್ರಗಳ ಉಕ್ಕಿನ ಅಚ್ಚುಗಳನ್ನು ಕತ್ತರಿಸುವುದರಲ್ಲಿ ಇದಕ್ಕೆ ಯಾವ ತೊಡಕೂ ಇಲ್ಲ. 1:64 ಅಳತೆಯ ಲೋಹದ ಎರಕದ ಕಾರುಗಳ ತಳದ ರಿವೆಟ್ ಕೊರೆದು ಬಿಚ್ಚುವುದೂ ಸಲೀಸು. ಆದರೆ ಎಂಜಿನ್ನಿಗೆ ಪ್ಲಗ್ ವೈರ್ ಸಿಕ್ಕಿಸಲು ಬೇಕಾದ ಅರ್ಧ ಮಿಲಿಮೀಟರ್ ರಂಧ್ರಗಳನ್ನು ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ನಿಂದಲೇ ಕೊರೆಯುವುದು ಮೇಲು, ಏಕೆಂದರೆ ಯಂತ್ರದ ವೇಗಕ್ಕೆ ಪ್ಲಾಸ್ಟಿಕ್ ಕರಗಿ ಕೊರೆಯುವ ಸಣ್ಣ ಬಿಟ್ಟನ್ನು ಕಚ್ಚಿಕೊಳ್ಳುತ್ತದೆ. ಬಾಗಿಲುಗಳನ್ನು ಬಿಡಿಸಲು ಕಟಿಂಗ್ ಡಿಸ್ಕ್ ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಡಿಸ್ಕ್ ತಿಂದುಹಾಕುವ ಅಗಲ 24 ಪಟ್ಟು ಹಿಗ್ಗಿ ಕಾಣುವುದರಿಂದ, ಗೆರೆಯನ್ನು ಚಾಕುವಿನ ಬೆನ್ನಿನಿಂದ ಮತ್ತೆ ಮತ್ತೆ ಕೊರೆಯುವುದೇ ಸರಿ.

ಇದೇ ಹಣದ ಅಂದಾಜಿನಲ್ಲಿರುವವರು ಮೈಸೂರಿನ ಅಶೋಕ ರಸ್ತೆಯ ಸುತ್ತಮುತ್ತ ಚಿನ್ನ ಬೆಳ್ಳಿ ಕೆಲಸ ಮಾಡುವವರ ಬಳಿ ಒಮ್ಮೆ ನಿಂತು ನೋಡಬೇಕೆಂದು ನನ್ನ ಮನವಿ. ಮೇಲೆ ತೂಗುಹಾಕಿದ ಮೋಟರ್, ಬಾಗುವ ಶಾಫ್ಟ್, ಪೆನ್ನಿನಂತೆ ಹಿಡಿಯಬಹುದಾದ ಹಿಡಿ, ಕಾಲಿನಡಿ ಪೆಡಲ್ ಇರುವ ಆ ವ್ಯವಸ್ಥೆಯಲ್ಲಿ ವೇಗವನ್ನು ಪಾದದಿಂದಲೇ ಬಹಳ ಕೆಳಗಿಳಿಸಬಹುದು, ಎರಡೂ ಕೈ ಕೆಲಸದ ಮೇಲೇ ಇರುತ್ತವೆ. ಡ್ರೆಮೆಲ್‌ಗೂ ಬಾಗುವ ಶಾಫ್ಟ್ ಸಿಗುತ್ತದೆ, ಅದರಿಂದ ಕೈಗೆ ಭಾರ ಕಡಿಮೆಯಾಗುತ್ತದೆಯೇ ಹೊರತು ವೇಗ ಇಳಿಯುವುದಿಲ್ಲ. ಬರೀ ಪ್ಲಾಸ್ಟಿಕ್ ಕಿಟ್ ಜೋಡಿಸುವವರಿಗೆ ನಾನು ಪೆಡಲ್ ಇರುವುದನ್ನೇ ಸೂಚಿಸುತ್ತೇನೆ. ಲೋಹ, ರೆಸಿನ್, ಮರ ಎಲ್ಲವನ್ನೂ ಮುಟ್ಟುವವರಿಗೆ 3000 ಒಳ್ಳೆಯ ಆಯ್ಕೆ.

ಯಾವುದನ್ನು ಕೊಂಡರೂ ಕನ್ನಡಕ ಮತ್ತು ಎನ್95 ಮುಖಗವಸನ್ನು ಅದೇ ದಿನ ಕೊಳ್ಳಿ. ತೆಳು ಡಿಸ್ಕ್ ಓರೆಯಾದರೆ ಮುರಿದು ಮುಖದತ್ತ ಹಾರುತ್ತದೆ, ರೆಸಿನ್ ಧೂಳು ಶ್ವಾಸಕೋಶಕ್ಕೆ ಹೋಗಬಾರದ ವಸ್ತು.