ಮಿನಿ ಲೇತ್, ಐದು ವರ್ಷ ಬಳಸಿದ ಮೇಲೆ: ಯಾರು ಕೊಳ್ಳಬಹುದು, ಯಾರಿಗೆ ಬೇಡ

ಮನೆಯಲ್ಲೇ ಒಂದು ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕತ್ತರಿಸಿ ಆಕಾರ ಕೊಡುವ ಯಂತ್ರ) ಇಟ್ಟುಕೊಳ್ಳಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ನನ್ನನ್ನೂ ಸುಮಾರು ಜನ ಕೇಳುತ್ತಾರೆ, ಆ ಚೈನಾ ಮೆಷಿನ್ ಹೇಗಿದೆ, ದುಡ್ಡು ದಂಡ ಆಗಲ್ಲ ಅಲ್ವಾ ಅಂತ. ಎಲ್ಲರಿಗೂ ಒಂದೇ ಕಡೆ ಉತ್ತರ ಹೇಳೋಣ ಅಂತ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು 7×14 ಮಿನಿ ಲೇತ್. ಬೆಡ್ ಮೇಲೆ 7 ಇಂಚು, ಅಂದರೆ ಸುಮಾರು 180 ಮಿಮೀ ವ್ಯಾಸದ ಜಾಬ್ (ಕೆಲಸ ಮಾಡುವ ತುಂಡು) ತಿರುಗುತ್ತದೆ, ಅದರ ಎರಡು ತುದಿ ಹಿಡಿಯುವ ಸೆಂಟರ್‌ಗಳ ನಡುವೆ 350 ಮಿಮೀ ಜಾಗ. ಜಾಬ್ ಹಿಡಿಯಲು 80 ಮಿಮೀ ತ್ರೀ ಜಾ (ಮೂರು ದವಡೆಯ) ಚಕ್, ಅದನ್ನು ತಿರುಗಿಸುವ ಸ್ಪಿಂಡಲ್ ಒಳಗೆ 20 ಮಿಮೀ ತೂತು, ಡಿಸಿ ಮೋಟರ್, ಸ್ಪೀಡ್ ಬದಲಿಸಲು ಒಂದು ನಾಬ್. ತೂಕ 40 ಕೆಜಿ ಹತ್ತಿರ, ಇಬ್ಬರು ಸೇರಿದರೆ ಮಹಡಿಗೆ ಎತ್ತಿಕೊಂಡು ಹೋಗಬಹುದು. ಇದೇ ಮೆಷಿನ್ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತದೆ, ಒಳಗಿನ ವಿನ್ಯಾಸ ಹೆಚ್ಚುಕಡಿಮೆ ಒಂದೇ. ನಾನು ಕೊಂಡಿದ್ದು 2019ರಲ್ಲಿ. ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಯ ತಾರಸಿ ರೂಮಿನಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ. ಈ ಮೆಷಿನ್ ನನಗೆ ತುಂಬಾ ಇಷ್ಟ, ಮತ್ತೆ ಕೊಳ್ಳಬೇಕು ಅಂದರೂ ಇದನ್ನೇ ಕೊಳ್ಳುತ್ತೇನೆ. ಆದರೆ ನೀವು ಕೊಳ್ಳುವುದು ಪೂರ್ತಿ ತಯಾರಾದ ಲೇತ್ ಅಲ್ಲ. ಎರಕ, ಮೋಟರ್, ಸ್ಪಿಂಡಲ್ ಎಲ್ಲ ಸೇರಿಸಿ ಬೋಲ್ಟ್ ಬಿಗಿದು ಕಳಿಸಿರುತ್ತಾರೆ, ಅದನ್ನು ಲೇತ್ ಮಾಡಿಕೊಳ್ಳುವುದು ನಿಮ್ಮ ಕೆಲಸ. ಆ ಕೆಲಸದಲ್ಲೇ ಖುಷಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೆಷಿನ್ ಈ ದುಡ್ಡಿಗೆ ಸಿಗಲ್ಲ. ಇವತ್ತು ತಂದು ನಾಳೆಯಿಂದ ಆರ್ಡರ್ ಹಿಡಿಯಬೇಕು ಅನ್ನುವವರಿಗೆ ಬೇಡ.

ಬಂದ ಕೂಡಲೇ ಆನ್ ಮಾಡಬೇಡಿ. ಪೂರ್ತಿ ಬಿಚ್ಚಿ. ತುಕ್ಕು ಹಿಡಿಯದಿರಲಿ ಅಂತ ಅಂಟು ಗ್ರೀಸ್ ಬಳಿದಿರುತ್ತಾರೆ, ಅದರೊಳಗೆ ಎರಕದ ಮರಳು, ಕಬ್ಬಿಣದ ಪುಡಿ ಎರಡೂ ಕೂತಿರುತ್ತವೆ. ಡೀಸೆಲ್‌ನಲ್ಲಿ ತೊಳೆದು, ಒರೆಸಿ, 68 ಗ್ರೇಡ್ ಸ್ಲೈಡ್‌ವೇ ಆಯಿಲ್ ಹಾಕಿ ಜೋಡಿಸಿದರೆ ಹ್ಯಾಂಡಲ್ ತಿರುಗಿಸುವಾಗ ಕೈಗೇ ವ್ಯತ್ಯಾಸ ಗೊತ್ತಾಗುತ್ತದೆ.

ಈ ಲೇತಿನ ನಿಜವಾದ ತೊಂದರೆ, ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜಿನ ಕೆಳಗಿದೆ. ಕ್ಯಾರೇಜ್ ಮೇಲಕ್ಕೆ ಎದ್ದು ಬರದ ಹಾಗೆ ಬೆಡ್ ಅಡಿಯಿಂದ ಹಿಡಿಯಲು ಎರಡು ಪಟ್ಟಿ ಕೊಟ್ಟಿದ್ದಾರೆ. ಕೆಲವು ಸ್ಕ್ರೂ ಎಳೆಯುತ್ತವೆ, ಕೆಲವು ತಳ್ಳುತ್ತವೆ. ಇವುಗಳ ನಡುವೆ ಹೊಂದಾಣಿಕೆ ಮಾಡಿ ಬಿಗಿದರೆ ಎರಡು ದಿನ ಸರಿ ಇರುತ್ತದೆ, ಮತ್ತೆ ಪ್ಲೇ (ಸಡಿಲ) ಬರುತ್ತದೆ. ಟೂಲ್ ಸ್ವಲ್ಪ ಜೋರಾಗಿ ಕಚ್ಚಿದರೆ ಕ್ಯಾರೇಜ್ ಒಂದು ಕೂದಲೆಳೆಯಷ್ಟು ಎದ್ದು, ಜಾಬ್ ಮೇಲೆ ಗೆರೆಗೆರೆ ಬೀಳುತ್ತದೆ. ನಾನು ತಳ್ಳುವ ಸ್ಕ್ರೂಗಳನ್ನೆಲ್ಲ ತೆಗೆದು, ಪಟ್ಟಿಯನ್ನು ಗಾಜಿನ ಮೇಲೆ ಎಮರಿ ಪೇಪರ್ ಹಾಕಿ ತಿಕ್ಕಿ ಸಮ ಮಾಡಿದೆ. ಆಮೇಲೆ ಸಂದು ತುಂಬಲು ತೆಳು ಹಿತ್ತಾಳೆ ಹಾಳೆ, ಅಂದರೆ ಶಿಮ್, ಕೊಟ್ಟು ಬಿಗಿದೆ. ಶಿಮ್ ಒಂದೊಂದಾಗಿ ಬದಲಿಸುತ್ತಾ, ಕ್ಯಾರೇಜ್ ಬೆಡ್ ಉದ್ದಕ್ಕೂ ಒಂದೇ ಭಾರದಲ್ಲಿ ಜಾರುವವರೆಗೆ ಮಾಡಬೇಕು. ಬೇಜಾರಿನ ಕೆಲಸ, ಆದರೆ ನಾನು ಮಾಡಿದ ಸುಧಾರಣೆಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ, ಖರ್ಚು ಬಹುತೇಕ ಸೊನ್ನೆ.

ಎರಡನೆಯದು ಮೇಲಿನ ಕಾಂಪೌಂಡ್ ಸ್ಲೈಡ್, ಟೂಲನ್ನು ಓರೆಯಾಗಿ ಸರಿಸುವ ಭಾಗ. ಟೇಪರ್ ಟರ್ನಿಂಗ್ (ಇಳಿಜಾರಾಗಿ ಕತ್ತರಿಸುವುದು) ಇಲ್ಲದಾಗ ಅದು ಅಲ್ಲಿರುವುದೇ ದಂಡ, ಅಲುಗಾಡುವ ಒಂದು ಕೀಲು ಜಾಸ್ತಿ ಅಷ್ಟೇ. ಅದನ್ನು ತೆಗೆದು, ಅದರ ಜಾಗಕ್ಕೆ ಗಟ್ಟಿ ಎಂ.ಎಸ್. (ಮೈಲ್ಡ್ ಸ್ಟೀಲ್) ಬ್ಲಾಕ್ ಒಂದನ್ನು ಮಾಡಿ ಅದರ ಮೇಲೆ ಬೇಗ ಟೂಲ್ ಬದಲಿಸಬಹುದಾದ ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ಕೂರಿಸಿದೆ. ಮೊದಲು ಪಾರ್ಟಿಂಗ್ (ತಿರುಗುವ ರಾಡನ್ನು ಕತ್ತರಿಸಿ ಬೇರ್ಪಡಿಸುವುದು) ಅಂದರೆ ಎದೆ ಢವಗುಟ್ಟುತ್ತಿತ್ತು, ಬ್ಲೇಡ್ ಸಿಕ್ಕಿಕೊಂಡು ಚಕ್ ನಿಂತುಬಿಡುತ್ತಿತ್ತು. ಈಗ 2 ಮಿಮೀ ಬ್ಲೇಡಿನಲ್ಲಿ ಆಯಿಲ್ ಬಿಡುತ್ತಾ 25 ಮಿಮೀ ಇಎನ್1ಎ (ಸುಲಭವಾಗಿ ಕಟ್ ಆಗುವ ಉಕ್ಕು) ರಾಡನ್ನು ನೆಮ್ಮದಿಯಾಗಿ ಕತ್ತರಿಸುತ್ತೇನೆ.

ಬೇರಿಂಗ್ ವಿಷಯ ತುಂಬಾ ಜನ ಕೇಳುತ್ತಾರೆ. ಸ್ಪಿಂಡಲ್‌ನಲ್ಲಿ ಬರುವುದು ಸಾಮಾನ್ಯ 6206 ಬಾಲ್ ಬೇರಿಂಗ್. ಅದನ್ನು ತೆಗೆದು 30206 ಟೇಪರ್ ರೋಲರ್ ಹಾಕುವವರಿದ್ದಾರೆ, ಆದರೆ ಅದರ ದಪ್ಪ 17.25 ಮಿಮೀ, ಮೊದಲಿನದು 16. ಆ ಒಂದೂಕಾಲು ಮಿಲಿಮೀಟರಿಗೆ ಸ್ಪೇಸರ್ ಕಡಿಮೆ ಮಾಡಬೇಕು, ಅದಕ್ಕೆ ಲೇತ್ ಬೇಕು, ಲೇತ್ ಬಿಚ್ಚಿಟ್ಟಿರುತ್ತೀರಿ. 7206 ಆಂಗ್ಯುಲರ್ ಕಾಂಟ್ಯಾಕ್ಟ್ ಅಳತೆಯಲ್ಲಿ 6206 ತರಹವೇ ಇದೆ, ನೇರ ಕೂರುತ್ತದೆ. ನಾನು ಅದನ್ನೇ ಎಸ್.ಜೆ.ಪಿ. ರಸ್ತೆಯಲ್ಲಿ ಕೊಂಡು ಎದುರುಬದುರಾಗಿ ಕೂರಿಸಿದೆ. ಫಿನಿಶ್ ಸುಧಾರಿಸಿತು. ಆದರೆ ಕ್ಯಾರೇಜ್ ಸರಿ ಮಾಡದೆ ಬೇರಿಂಗ್‌ಗೆ ದುಡ್ಡು ಹಾಕಬೇಡಿ.

ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಒಳಗಿನ ಹೈ-ಲೋ (ಹೆಚ್ಚು-ಕಡಿಮೆ ಸ್ಪೀಡಿನ) ಗೇರುಗಳು ಪ್ಲಾಸ್ಟಿಕ್. ಕಬ್ಬಿಣದ್ದು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಟೂಲ್ ಏನಾದರೂ ಚಕ್‌ಗೆ ಗುದ್ದಿದರೆ ಎಲ್ಲೋ ಒಂದು ಕಡೆ ಮುರಿಯಲೇಬೇಕು, ಅದು ಅಗ್ಗದ ಗೇರ್ ಆಗಿರಲಿ, ಮೋಟರ್ ಬೇಡ. ಒಂದು ಜೊತೆ ಸ್ಪೇರ್ ತಂದಿಟ್ಟುಕೊಂಡರೆ ಸಾಕು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಸ್ಪೀಡ್ ಕಂಟ್ರೋಲರ್ ಬೋರ್ಡ್ ಸುಟ್ಟಾಗ. ಎರಡನೇ ವರ್ಷ, ಕಡಿಮೆ ಸ್ಪೀಡ್‌ನಲ್ಲಿ ಕೆಲಸ ಮಾಡುವಾಗ ಟಪ್ ಅಂತ ಸದ್ದಾಗಿ ನಿಂತುಹೋಯಿತು. ಮಾರಿದವರು ವಾರಂಟಿ ಮುಗಿದಿದೆ ಅಂತ ಕೈ ತೊಳೆದುಕೊಂಡರು, ಬೋರ್ಡ್ ಬೇಕಾದರೆ ತರಿಸಿಕೊಡಬಹುದಾ ಅಂದರೆ ಅದಕ್ಕೂ ಉತ್ತರ ಇಲ್ಲ. ಅಷ್ಟು ದುಡ್ಡು ತೆಗೆದುಕೊಂಡು ಸ್ಪೇರ್ ಕೊಡದೇ ಇರುವುದು ಸರಿಯಲ್ಲ. ಬಿಚ್ಚಿ ನೋಡಿದರೆ ಬೋರ್ಡ್ ಪೆಟ್ಟಿಗೆಯೊಳಗೆ ಲೋಹದ ಸಣ್ಣ ತರಿ ಬಿದ್ದಿತ್ತು, ಮಾಸ್ಫೆಟ್ (ಮೋಟರಿಗೆ ಹೋಗುವ ಕರೆಂಟ್ ನಿಯಂತ್ರಿಸುವ ಬಿಡಿಭಾಗ) ಸುಟ್ಟಿತ್ತು. ಎಸ್.ಪಿ. ರಸ್ತೆಯಲ್ಲಿ ಅದೇ ಮಾಸ್ಫೆಟ್ ಸಿಕ್ಕಿತು, ಬದಲಿಸಿದೆ. ಗಾಳಿ ಕಿಂಡಿಗೆ ಒಳಗಿನಿಂದ ಸ್ಪಾಂಜ್ ಅಂಟಿಸಿದೆ. ಆಮೇಲೆ ತೊಂದರೆ ಬಂದಿಲ್ಲ. ನೀವು ಕೊಂಡರೆ ಇದನ್ನು ಮೊದಲ ವಾರವೇ ಮಾಡಿ, ಅರ್ಥಿಂಗ್ ಸರಿ ಇದೆಯಾ ಅಂತಲೂ ನೋಡಿಸಿ.

ನಾಬ್‌ನಿಂದ ಸ್ಪೀಡ್ ಇಳಿಸಿದರೆ ಮೋಟರಿನ ಶಕ್ತಿಯೂ ಇಳಿಯುತ್ತದೆ, ನಿಧಾನ ತಿರುಗುವಾಗ ಬಲ ಸಾಲುವುದಿಲ್ಲ. ಥ್ರೆಡ್ ಹಾಕುವಾಗ ಇದು ಕಾಡುತ್ತದೆ. ಸ್ಪಿಂಡಲಿನ ಎಡ ತುದಿಯ ತೂತಿಗೆ ಬಿಗಿಯಾಗಿ ಹಿಗ್ಗಿ ಕೂರುವ ಒಂದು ಕೈ ಹಿಡಿಕೆ ಮಾಡಿಕೊಂಡಿದ್ದೇನೆ, ಸಣ್ಣ ಥ್ರೆಡ್‌ಗಳನ್ನು ಕೈಯಲ್ಲೇ ತಿರುಗಿಸಿ ಹಾಕುತ್ತೇನೆ. ಆದರೆ ಕೈಹಿಡಿಕೆ ಹಾಕಿದಾಗ ಪ್ಲಗ್ ಕಿತ್ತಿಡಿ, ಇದರಲ್ಲಿ ಉದಾಸೀನ ಬೇಡವೇ ಬೇಡ. ಥ್ರೆಡ್ ಹಾಕುವಾಗ ಕ್ಯಾರೇಜನ್ನು ಎಳೆಯುವ ಲೀಡ್‌ಸ್ಕ್ರೂ 1.5 ಮಿಮೀ ಪಿಚ್ (ಎರಡು ಎಳೆಗಳ ನಡುವಿನ ಅಂತರ). 40 ಮತ್ತು 60 ಹಲ್ಲಿನ ಗೇರ್ ಹಾಕಿದರೆ 1 ಮಿಮೀ ಪಿಚ್ ಬರುತ್ತದೆ, 50 ಮತ್ತು 60 ಹಾಕಿದರೆ 1.25, ಅಂದರೆ ಎಂ8 ಬೋಲ್ಟಿನದು. ಕ್ಯಾರೇಜನ್ನು ಲೀಡ್‌ಸ್ಕ್ರೂಗೆ ಜೋಡಿಸುವ ಹಾಫ್ ನಟ್ ಬಿಡದೆ ಹಾಗೇ ವಾಪಸ್ ತಿರುಗಿಸಬೇಕು. ಜಾಬಿನ ದಪ್ಪ ಭಾಗದ ಭುಜದ ಹತ್ತಿರ ನಿಲ್ಲುವ ಥ್ರೆಡ್ ಆದರೆ ಟೂಲನ್ನು ತಲೆಕೆಳಗು ಹಿಡಿದು ಸ್ಪಿಂಡಲ್ ಹಿಮ್ಮುಖ ಓಡಿಸಿ. ಟೂಲ್ ಒಳಗಿನಿಂದ ಹೊರಗೆ ಬರುತ್ತದೆ, ಚಕ್‌ಗೆ ಗುದ್ದುವ ಭಯ ಇಲ್ಲ. ಈ ಲೇತಿನಲ್ಲಿ ಚಕ್ ಫ್ಲಾಂಜ್‌ಗೆ ನಟ್ ಬಿಗಿದಿರುವುದರಿಂದ ಹಿಮ್ಮುಖದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಥ್ರೆಡ್ ಮೇಲೆ ಕೂರುವ ಚಕ್ ಇರುವ ಲೇತಿನಲ್ಲಿ ಇದನ್ನು ಮಾಡಲೇಬೇಡಿ.

ಏನೇನು ಮಾಡಿದೆ ಅಂದರೆ, ಹಿತ್ತಾಳೆ ಬುಗುರಿ, ಸೈಕಲ್ ಬುಷ್, ನೀರಿನ ಪಂಪಿನ ಸ್ಲೀವ್. ಗೆಳೆಯರ ಹತ್ತಿರ ತೋರಿಸಿಕೊಳ್ಳಲು ಇಷ್ಟವಾಗುವುದು ಪುಟ್ಟ ಉಗಿ ಎಂಜಿನ್. ಸಿಲಿಂಡರೇ ಅತ್ತಿತ್ತ ಓಲಾಡುತ್ತಾ ಉಗಿ ಕಿಂಡಿಯನ್ನು ತೆರೆದು ಮುಚ್ಚುವ ಮಾದರಿ, ಬೇರೆ ವಾಲ್ವ್ ಇಲ್ಲ. ಸಿಲಿಂಡರ್ ಮುಖ, ಅದು ಕೂರುವ ತಟ್ಟೆ ಎರಡನ್ನೂ ಗಾಜಿನ ಮೇಲೆ 1000 ನಂಬರ್ ಪೇಪರಿನಲ್ಲಿ ತಿಕ್ಕಿ ಕನ್ನಡಿ ಮಾಡಿದ ಮೇಲೆ, ಕಂಪ್ರೆಸರಿನ ಒಂದು ಬಾರ್‌ಗೂ ಕಡಿಮೆ ಗಾಳಿಗೆ ಚಕ್ರ ತಿರುಗಿತು. ಅಮ್ಮನಿಗೆ ಖಾರಾಸೇವೆ ಒತ್ತುವ ಬಿಲ್ಲೆಯನ್ನೂ ಮಾಡಿಕೊಟ್ಟೆ. ಕಟ್ ಮಾಡಲು ಸುಲಭ ಅಂತ ಹಿತ್ತಾಳೆ ಬಳಸಬೇಡಿ, ಫ್ರೀ ಕಟಿಂಗ್ ಹಿತ್ತಾಳೆಯಲ್ಲಿ ಸೀಸ ಇರುತ್ತದೆ, ಅಡುಗೆಗೆ ಆಗದು. ನಾನು 304 ಸ್ಟೀಲ್ ಹಾಕಿದೆ. ಅದು ಈ ಮೆಷಿನ್ನಿಗೆ ಕಷ್ಟ, ಟೂಲ್ ಸುಮ್ನೆ ಉಜ್ಜುತ್ತಾ ನಿಂತರೆ ಮೇಲ್ಮೈ ಗಟ್ಟಿಯಾಗಿಬಿಡುತ್ತದೆ, ಕಟ್ ಬಿಡದೆ ಕೊಡುತ್ತಲೇ ಇರಬೇಕು. ಮಿಕ್ಕ ಕೆಲಸಕ್ಕೆ ಪೀಣ್ಯದಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ತುಂಡು ರಾಡುಗಳೇ ಸಾಕು. ಟೂಲ್ ನಾನು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಸಾಣೆ ಹಿಡಿದೇ ಮಾಡಿಕೊಳ್ಳುತ್ತೇನೆ. ದೊಡ್ಡ ಲೇತಿನ ಕಾರ್ಬೈಡ್ ಟಿಪ್ ಇಲ್ಲಿ ಅದುರುತ್ತದೆ. ಅಲ್ಯೂಮಿನಿಯಂಗೆ ಅಂತ ಬರುವ ಚೂಪಾದ ಪಾಲಿಶ್ ಟಿಪ್ ಮಾತ್ರ ಉಕ್ಕಿನ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಲೇತಿಗೆ ಕೊಟ್ಟಿದ್ದರ ಅರ್ಧದಷ್ಟಾದರೂ ಫೋರ್ ಜಾ ಚಕ್, ಡಯಲ್ ಗೇಜ್ (ಸೂಕ್ಷ್ಮ ಓಲಾಟ ಅಳೆಯುವ ಸಾಧನ), ಗ್ರೈಂಡರ್, ಡ್ರಿಲ್ ಚಕ್ ಅಂತ ಹೋಗುತ್ತದೆ, ಬಜೆಟ್ ಹಾಗೇ ಹಾಕಿಕೊಳ್ಳಿ. ಜಾಗ ಇದ್ದು, ನೆಲಮಹಡಿಯಾಗಿದ್ದು, ತ್ರೀ ಫೇಸ್ ಕರೆಂಟ್ ಇದ್ದರೆ ಬಟಾಲಾ, ರಾಜಕೋಟ್ ಕಡೆಯ ಹಳೆಯ ಲೇತ್ ನೋಡಿ, ಅದರ ಗಟ್ಟಿತನ ಇದಕ್ಕೆ ಬರಲ್ಲ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಬೆಡ್‌ಗೆ ಆಯಿಲ್ ಬಳಿದು ಮುಚ್ಚಿಡದಿದ್ದರೆ ಒಂದೇ ವಾರಕ್ಕೆ ತುಕ್ಕು.

ಕೊಳ್ಳುವ ಮುಂಚೆ ಅಂಗಡಿಗೆ ಹೋಗಿ ನೋಡಲು ಸಾಧ್ಯವಾದರೆ ಡಯಲ್ ಗೇಜ್ ಜೊತೆಗೆ ಒಯ್ಯಿರಿ. ಚಕ್ ಬಿಚ್ಚಿಸಿ, ಸ್ಪಿಂಡಲ್ ಒಳಗಿನ ಟೇಪರಿಗೆ ಸೂಜಿ ತಾಗಿಸಿ ಕೈಯಲ್ಲಿ ತಿರುಗಿಸಿ. ಅದು 0.02 ಮಿಮೀಗಿಂತ ಜಾಸ್ತಿ ಆಚೀಚೆ ಓಡಿದರೆ ಬೇರೆ ಪೀಸ್ ಕೇಳಿ. ಚಕ್ ಆಚೀಚೆ ಓಡುವುದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಚಕ್ ಬದಲಿಸಬಹುದು. ಬೋರ್ಡ್, ಮೋಟರ್ ಬ್ರಷ್, ಗೇರ್ ಮೂರೂ ಸ್ಪೇರ್ ಕೊಡುತ್ತೀರಾ ಅಂತ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.