ಅಂಡಮಾನ್‌ನಲ್ಲಿ 'ಸಂಜೆ ಜೈಲು ಟೂರ್' ಅಂದರೆ ದುಡ್ಡು ಕೊಡಬೇಡಿ

ಅಂಡಮಾನ್‌ಗೆ ಹೊರಟಿದ್ದೀರಾ? ಪ್ಯಾಕೇಜಿನಲ್ಲಿ 'ಮೊದಲ ದಿನ ಸಂಜೆ ಸೆಲ್ಯುಲರ್ ಜೈಲು ಟೂರ್' ಅಂತ ಬರೆದಿದ್ದರೆ ಅಡ್ವಾನ್ಸ್ ಹಾಕುವ ಮುಂಚೆ ಇದನ್ನು ಪೂರ್ತಿ ಓದಿ. ನಮಗೆ ಆದದ್ದು ಇನ್ನೊಬ್ಬರ ಅಪ್ಪ ಅಮ್ಮನಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ವಾಪಸ್ ಬಂದು ಇಷ್ಟು ದಿನ ಆದರೂ ಸಿಟ್ಟು ಇಳಿದಿಲ್ಲ.

ವಿಷಯ ಇಷ್ಟೇ. ಸಂಜೆ ಜೈಲಿನ ಒಳಗೆ ಸುತ್ತಾಡಲು ಬಿಡುವುದಿಲ್ಲ. ಕೈದಿಗಳ ಕೋಣೆ, ಗ್ಯಾಲರಿ, ಗಲ್ಲಿಗೇರಿಸುತ್ತಿದ್ದ ಜಾಗ, ನಡುವಿನ ಗೋಪುರ, ಇವೆಲ್ಲ ಹಗಲು ಹೊತ್ತಿನಲ್ಲಿ ಮಾತ್ರ. ಸಂಜೆ ಇರುವುದು ಲೈಟ್ ಅಂಡ್ ಸೌಂಡ್ ಶೋ ಒಂದೇ. ಅಂಗಳದಲ್ಲಿ ಕೂತು ನೋಡಿ ಎದ್ದು ಬರಬೇಕು. ಎರಡಕ್ಕೂ ಬೇರೆ ಬೇರೆ ಟಿಕೆಟ್. ಇದು ಏಜೆಂಟ್‌ಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಮಾರುತ್ತಾನೆ.

ನಮ್ಮ ಏಜೆಂಟ್ ಕನ್ನಡದವನೇ. ಫೋನ್ ಮಾಡಿದರೆ ಬಾಯಿ ತುಂಬ 'ಅಣ್ಣಾ, ಅಣ್ಣಾ'. ನಾನು ಬುಕ್ ಮಾಡುವಾಗಲೇ ಬಿಡಿಸಿ ಹೇಳಿದ್ದೆ. ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದವರು. ಬೀಚ್ ತಪ್ಪಿದರೂ ಪರವಾಗಿಲ್ಲ, ಅಪ್ಪನಿಗೆ ಜೈಲೇ ಮುಖ್ಯ, ಕೋಣೆಯೊಳಗೆ ಹೋಗಿ ನೋಡಬೇಕು ಅಂತ. ಅದಕ್ಕೆ ಅವನು ಕಳಿಸಿದ ಉತ್ತರ ಇವತ್ತಿಗೂ ನನ್ನ ವಾಟ್ಸಾಪ್‌ನಲ್ಲಿದೆ: 'ಅಣ್ಣಾ, ಜೈಲು ಸಂಜೆ ಹೊತ್ತೇ ಚೆಂದ. ಹಗಲು ಬಿಸಿಲು, ರಶ್ ಜಾಸ್ತಿ. ಗೈಡ್ ಜೊತೆ ಒಳಗೆಲ್ಲ ಸುತ್ತಿಸಿ ಆಮೇಲೆ ಶೋ. ಅಪ್ಪಾಜಿಯನ್ನು ನಾನು ನೋಡ್ಕೋತೀನಿ.'

ಒಳಗೆಲ್ಲ ಸುತ್ತಿಸಿ. ಆಮೇಲೆ ಶೋ. ಅವನೇ ಬರೆದದ್ದು.

ಹೋದ ದಿನ ಬೆಳಗ್ಗೆಯೇ ಪೋರ್ಟ್ ಬ್ಲೇರ್‌ನಲ್ಲಿ ಇಳಿದಿದ್ದೆವು. ಈಗ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. ಅಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ರೆಡಿ. ಡ್ರೈವರ್‌ಗೆ ಫೋನ್ ಮಾಡಿದರೆ 'ರೆಸ್ಟ್ ಮಾಡಿ ಸರ್'. ಊಟ ಆದ ಮೇಲೆ ಬಂದವನು ನೇರ ಕಾರ್ಬಿನ್ಸ್ ಕೋವ್ ಬೀಚ್‌ಗೆ ಕರೆದುಕೊಂಡು ಹೋದ. ಜೈಲು ಮೊದಲು ಅಂದರೆ, 'ಅದು ಸಂಜೆಗೆ ಇದೆ ಸರ್, ಪ್ರೋಗ್ರಾಂ ಹಾಗೇ ಕೊಟ್ಟಿದ್ದಾರೆ.' ಅಲ್ಲಿ ಕತ್ತಲೆ ಬೇಗ ಆಗುತ್ತದೆ. ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ, ಚಳಿಗಾಲದಲ್ಲಿ ಐದರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ನಾವು ಜೈಲಿನ ಗೇಟಿಗೆ ಬಂದಾಗ ಜನ ಹೊರಗೆ ಬರುತ್ತಿದ್ದರು. ಕೌಂಟರ್ ಮುಚ್ಚಿತ್ತು. ಗೈಡ್ ಅನ್ನುವ ಮನುಷ್ಯನ ಸುಳಿವೇ ಇಲ್ಲ.

ಸೆಕ್ಯುರಿಟಿಯವರು ಮರ್ಯಾದೆಯಿಂದಲೇ ಹೇಳಿದರು, ಟೈಮ್ ಮುಗಿಯಿತು, ನಾಳೆ ಬನ್ನಿ ಅಂತ. ಅವರ ತಪ್ಪೇನೂ ಇಲ್ಲ. ನಾಳೆ ಬೆಳಗ್ಗೆ ಹ್ಯಾವ್‌ಲಾಕ್ ದ್ವೀಪಕ್ಕೆ ನಮ್ಮ ಬೋಟು. ಆ ಬೋಟಿನ ಟಿಕೆಟ್ ತೆಗೆದವನೂ ಇದೇ ಏಜೆಂಟ್.

ಫೋನ್ ಮಾಡಿದೆ. 'ಅಣ್ಣಾ ಟೆನ್ಶನ್ ಬೇಡ, ಶೋ ಇದೆ ಅಲ್ವಾ, ಅದರಲ್ಲೇ ಎಲ್ಲಾ ತೋರಿಸ್ತಾರೆ.' ಸರಿ, ಶೋ ಟಿಕೆಟ್ ಎಲ್ಲಿ? 'ಡ್ರೈವರ್ ಹತ್ತಿರ ಇದೆ.' ಡ್ರೈವರ್ ಹತ್ತಿರ ಇದ್ದದ್ದು ಹಿಂದಿ ಶೋ ಟಿಕೆಟ್. ನಾನು ಕೇಳಿದ್ದು, ಅವನು ಒಪ್ಪಿಕೊಂಡದ್ದು ಇಂಗ್ಲಿಷ್. ಅಪ್ಪನಿಗೆ ಹಿಂದಿ ಬರುವುದಿಲ್ಲ. ಮತ್ತೆ ಫೋನ್ ಮಾಡಿದರೆ ಏನಂದ ಗೊತ್ತಾ? 'ಲೈಟ್ ನೋಡಿದ್ರೆ ಅರ್ಥ ಆಗುತ್ತೆ ಅಣ್ಣಾ.'

ನೀವೇ ಹೇಳಿ. ಬದುಕಿಡೀ ಮಕ್ಕಳಿಗೆ ಕರಿನೀರಿನ ಶಿಕ್ಷೆಯ ಪಾಠ ಹೇಳಿದ ಮೇಷ್ಟ್ರಿಗೆ ಇವನು ಲೈಟ್ ನೋಡಿ ಅರ್ಥ ಮಾಡಿಕೊಳ್ಳಿ ಅನ್ನುತ್ತಾನೆ.

ಕತ್ತಲಾದ ಮೇಲೆ ಒಳಗೆ ಬಿಟ್ಟರು. ಕುರ್ಚಿಯಲ್ಲಿ ಕೂತೆವು. ಎದುರಿಗೆ ಮೂರು ಅಂತಸ್ತಿನ ಆ ಉದ್ದನೆಯ ಕಟ್ಟಡ. ಶೋ ಶುರುವಾಗುವ ಮುಂಚೆ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು. 1896ರಿಂದ 1906ರವರೆಗೆ ಕಟ್ಟಿದ್ದು, ಗೋಪುರದ ಸುತ್ತ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಏಳು ಸಾಲು ಇತ್ತು, ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಬಾಗಿಲುಗಳು ಇನ್ನೊಂದರ ಹಿಂಬದಿಯ ಗೋಡೆಗೆ ಮುಖ ಮಾಡಿವೆ, ಯಾರಿಗೂ ಯಾರ ಮುಖವೂ ಕಾಣಬಾರದು ಅಂತ. ಸಾವರ್ಕರ್ 1911ರಲ್ಲಿ ಬಂದಾಗ ಅವರ ಅಣ್ಣ ಬಾಬಾರಾವ್ ಇದೇ ಜೈಲಿನಲ್ಲಿದ್ದರೂ ತುಂಬಾ ದಿನ ಒಬ್ಬರಿಗೊಬ್ಬರು ಗೊತ್ತಾಗಲಿಲ್ಲವಂತೆ. ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ, ಮನುಷ್ಯರನ್ನೇ ಗಾಣಕ್ಕೆ ಕಟ್ಟಿ ತೆಗೆಸುತ್ತಿದ್ದರು. 1933ರಲ್ಲಿ ಕೈದಿಗಳು ಮಾಡಿದ ಉಪವಾಸದಲ್ಲಿ ಕ್ರಾಂತಿಕಾರಿ ಮಹಾವೀರ್ ಸಿಂಗ್‌ಗೆ ಬಲವಂತವಾಗಿ ಹಾಲು ಕುಡಿಸಲು ಹೋದಾಗ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣ ಹೋಯಿತು. ಪಕ್ಕದ ಸೀಟಿನ ಹುಡುಗರೂ ಕಿವಿಗೊಟ್ಟು ಕೇಳಿದರು. ಆಮೇಲೆ ಹಿಂದಿಯಲ್ಲಿ ಶೋ ಶುರುವಾಯಿತು, ಅಪ್ಪ ಸುಮ್ಮನಾದರು. ಶೋ ಬಗ್ಗೆ ನನ್ನ ದೂರಿಲ್ಲ. ಹಿಂದಿ ಬರುವವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಗಿದ ಮೇಲೆ ಜನ ಎದ್ದು ಹೊರಟಾಗ ಅಪ್ಪ ಕೆಳಗಿನ ಸಾಲಿನ ಕಂಬಿಗಳ ಹತ್ತಿರ ಹೋಗಿ ನಿಂತರು. ಬಾಗಿಲಿನ ಚಿಲಕ ನೋಡಬೇಕಿತ್ತು ಅವರಿಗೆ. ಅಲ್ಲಿನ ಕೋಣೆಗಳ ಚಿಲಕ ಬಾಗಿಲ ಮೇಲೆ ಇಲ್ಲ. ಉದ್ದನೆಯ ಕಬ್ಬಿಣದ ಸರಳು ಬಾಗಿಲಿನಿಂದ ಪಕ್ಕದ ಗೋಡೆಗೆ ಹೋಗಿ, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಕೂರುತ್ತದೆ. ಒಳಗಿದ್ದವನು ಕಂಬಿಯಿಂದ ಎಷ್ಟು ಕೈ ಚಾಚಿದರೂ ಬೀಗ ಸಿಗಬಾರದು ಅಂತ ಮಾಡಿದ್ದು. ಅಪ್ಪ ಮೊಬೈಲ್ ಟಾರ್ಚ್ ಹಾಕಿ ನೋಡಲು ಹೋದರು. 'ಚಲಿಯೇ, ಚಲಿಯೇ' ಅಂತ ಕಾವಲಿನವರು ಕರೆದರು. ಹೊರಡಿ ಅಂತಲೇ ತಾನೆ, ಅಷ್ಟು ಹಿಂದಿ ಅಪ್ಪನಿಗೂ ಅರ್ಥವಾಯಿತು. ನನಗೆ ಅಪ್ಪನ ಮುಖ ನೋಡಲು ಆಗಲಿಲ್ಲ. ನಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿ, ಅಷ್ಟು ಜನರ ಎದುರು ಹಾಗೆ ಹೊರಡಿಸಿಕೊಳ್ಳುವ ಹಾಗೆ ಮಾಡಿದವನು ಅವನು.

ಹ್ಯಾವ್‌ಲಾಕ್‌ನಿಂದ ಬಂದ ಮೇಲೆ ಗ್ಯಾರಂಟಿ ತೋರಿಸ್ತೀನಿ ಅಂದ. ವಾಪಸ್ ಬೋಟು ಹಾಕಿದ್ದು ಸಾಯಂಕಾಲಕ್ಕೆ. ಮರುದಿನ ಬೆಳಗ್ಗೆ ಫ್ಲೈಟು. ಮತ್ತೆ ಅದೇ ಕಥೆ, ಜೈಲು ಮುಚ್ಚಿತ್ತು.

ಊರಿಗೆ ಬಂದು ಗೈಡ್ ದುಡ್ಡು, ಜೈಲಿನ ಟಿಕೆಟ್ ದುಡ್ಡು ವಾಪಸ್ ಕೇಳಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲು: 'ಜೈಲಿನ ಒಳಗೇ ಕೂತು ಶೋ ನೋಡಿದ್ರಲ್ಲ ಅಣ್ಣಾ, ಅದು ಜೈಲಲ್ವಾ?'

ಆಮೇಲೆ: 'ನೀವು ಬೀಚ್‌ನಲ್ಲಿ ಲೇಟ್ ಮಾಡಿದ್ರಿ.' ಬೀಚ್‌ನಲ್ಲಿ! ನಾವು ಬೇಡ ಅಂದ ಬೀಚ್‌ನಲ್ಲಿ!

ಆಮೇಲೆ: 'ಎಲ್ಲರಿಗೂ ಇದೇ ಪ್ರೋಗ್ರಾಂ ಕೊಡೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ.' ಇದು ಓದಿದಾಗಲೇ ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು. ಎಲ್ಲರಿಗೂ ಇದೇ ಪ್ರೋಗ್ರಾಂ ಅಂತೆ. ಎಷ್ಟು ಜನರ ಅಪ್ಪಂದಿರು ಆ ಕಂಬಿ ಹೊರಗಿನಿಂದ ವಾಪಸ್ ಬಂದಿದ್ದಾರೋ.

ಕೊನೆಗೆ, ನಾನು ಎಲ್ಲ ಕಡೆ ಬರೆಯುತ್ತೇನೆ ಅಂದ ಮೇಲೆ: 'ಐನೂರು ರೂಪಾಯಿ ಹಾಕ್ತೀನಿ, ರಿವ್ಯೂ ಬೇಡ.' ಐನೂರು! ನಾಲ್ಕು ಜನರಿಂದ ಗೈಡ್ ಸಮೇತ ಅಂತ ವಸೂಲಿ ಮಾಡಿದವನು!

ಹೋಗುವವರಿಗೆ ಹೇಳುವುದು ಇಷ್ಟೇ. ಜೈಲನ್ನು ಬೆಳಗ್ಗೆ ನೋಡಿ. ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಹೊತ್ತು ಮುಚ್ಚುತ್ತಾರೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಆ ದಿನದ ಟೈಮ್ ವಿಚಾರಿಸಿ. ಸಂಜೆ ಬೇಕಾದರೆ ಶೋಗೆ ಬನ್ನಿ, ಯಾವ ಭಾಷೆಯದು ಅಂತ ಟಿಕೆಟ್ ಕೈಯಲ್ಲಿ ಹಿಡಿದು ನೋಡಿ. ವಯಸ್ಸಾದವರಿದ್ದರೆ ಮಹಡಿ ಮೆಟ್ಟಿಲು ಹತ್ತಲು ನಿಧಾನವಾಗುತ್ತದೆ, ಜಾಸ್ತಿ ಸಮಯ ಇಟ್ಟುಕೊಳ್ಳಿ. ಏಜೆಂಟ್ ಮೂಲಕವೇ ಹೋಗುವುದಾದರೆ 'ಕೋಣೆಗಳ ಒಳಗೆ ಎಷ್ಟು ಗಂಟೆಗೆ ಬಿಡಿಸ್ತೀಯಾ' ಅಂತ ಬರೆದು ಕೇಳಿ, ಗಂಟೆ ಬರೆದು ಕಳಿಸಲಿ. 'ಸಂಜೆ ಚೆಂದ ಅಣ್ಣಾ' ಅಂತ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಆ ಐನೂರು ನಾನು ತೆಗೆದುಕೊಂಡಿಲ್ಲ. ಪೂರ್ತಿ ದುಡ್ಡು ಕೇಳುತ್ತಲೇ ಇದ್ದೇನೆ. ಮೊನ್ನೆಯಿಂದ ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ, ಈಗ ಅಮ್ಮನ ಫೋನಿನಿಂದ ಮೆಸೇಜ್ ಹಾಕುತ್ತಿದ್ದೇನೆ.